ಬೈಪಾಸ್ ಆದ ಮೇಲೆ ವಾಕಿಂಗ್ ನಿಂತುಹೋಗಿದೆ, ತೂಕ ಏರುತ್ತಿದೆ: ನೀವೆಲ್ಲ ಹೇಗೆ ಮುಂದುವರಿಸಿದಿರಿ?

ತುಮಕೂರು ಅಂಗಡಿ

ನನಗೆ 52 ವರ್ಷ. ಕಳೆದ ವರ್ಷದ ಕೊನೆಗೆ ಬೈಪಾಸ್ ಆಯಿತು, ಮೂರು ಗ್ರಾಫ್ಟ್, ಅಂದರೆ ಬ್ಲಾಕ್ ದಾಟಿಸಲು ಮೂರು ಕಡೆ ಬೇರೆ ರಕ್ತನಾಳ ಜೋಡಿಸಿದರು. ಮೊದಲ ಮೂರು ತಿಂಗಳು ಭಯಕ್ಕೇ ಎಲ್ಲ ಸರಿಯಾಗಿ ನಡೆಯಿತು. 89 ಕೆ.ಜಿ. ಇದ್ದವನು 82ಕ್ಕೆ ಬಂದೆ. ಎದೆ ಮೂಳೆ ಕೂಡಿಕೊಂಡಿತು, ಮತ್ತೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತೆ, ಅಲ್ಲಿಗೆ ವಾಕಿಂಗ್ ನಿಂತಿತು. ಈಗ 86. ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ ಒಂಬತ್ತಕ್ಕೆ. ಮೇಲೆ ಮಳೆ ಬೇರೆ. ಹೃದಯದ ಆಪರೇಷನ್ ಆದವರು ವ್ಯಾಯಾಮದ ಹುಮ್ಮಸ್ಸು ಹೇಗೆ ಉಳಿಸಿಕೊಂಡಿರಿ? ತೂಕ ಹೇಗೆ ಇಳಿಸಿದಿರಿ? ಮಾತ್ರೆ ವಿಷಯ ಡಾಕ್ಟರ್ ನೋಡಿಕೊಳ್ಳುತ್ತಾರೆ. ನನಗೆ ಬೇಕಿರುವುದು ನಿಮ್ಮ ಅನುಭವ.

ಧಾರವಾಡ ಮೇಷ್ಟ್ರು

ನನಗೆ ಆಪರೇಷನ್ ಆದದ್ದು 2019ರಲ್ಲಿ. ನಾಲ್ಕು ಗ್ರಾಫ್ಟ್. ಒಂದು ಎದೆಯೊಳಗಿನ ರಕ್ತನಾಳ, ಮೂರು ಎಡಗಾಲಿನಿಂದ ತೆಗೆದದ್ದು. ಎಲ್ಲರೂ ಎದೆ ನೋವು ಹೇಗಿತ್ತು ಅಂತ ಕೇಳುತ್ತಾರೆ. ನನ್ನನ್ನು ಕಾಡಿದ್ದು ಕಾಲು. ಮೊಣಕಾಲಿನಿಂದ ಪಾದದವರೆಗೆ ಹೊಲಿಗೆ. ಸಂಜೆಯಾದರೆ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಿಗಿ ಸಾಕ್ಸ್ ಜೊತೆಗೆ 1,450 ರೂಪಾಯಿ, ತಿಂಗಳಲ್ಲೇ ಅದರ ರಬ್ಬರ್ ಸಡಿಲ, ಇನ್ನೊಂದು ಜೊತೆ ತರಿಸಬೇಕಾಯಿತು. ಹಿಮ್ಮಡಿ ಹತ್ತಿರ ಒಂದು ಹೊಲಿಗೆ ಬಿಟ್ಟು ಕೀವಾಯಿತು. ನನಗೆ ಸಕ್ಕರೆ ಕಾಯಿಲೆ ಇದೆ, ಗಾಯ ಬೇಗ ಒಣಗಲಿಲ್ಲ. ಡ್ರೆಸ್ಸಿಂಗ್‌ಗೆ ಸಲಕ್ಕೆ 200, ಆಟೋಕ್ಕೆ ಹೋಗಿ ಬರಲು 160. ಪಿಂಚಣಿ ಇನ್ನೂ ಶುರುವಾಗದ ಕಾಲ ಅದು. ಆ ಕಾಲಿನ ಒಳಬದಿ ಇವತ್ತಿಗೂ ಜೋಮು ಹಿಡಿದ ಹಾಗೆಯೇ ಇದೆ.

ಆ ಕಾಲಿನಲ್ಲೇ ನಡೆದೆ. ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಕರ್ನಾಟಕ ಕಾಲೇಜಿನ ಮೈದಾನ. ಹುಮ್ಮಸ್ಸು ಅಂತ ಕಾಯುತ್ತ ಕೂತರೆ ಅದು ಬರುವುದಿಲ್ಲ. ನನ್ನ ಮೂವರು ಹಳೇ ಸಹೋದ್ಯೋಗಿಗಳು ಬೆಳಗ್ಗೆ ಆರಕ್ಕೆ ಗೇಟಿನ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಅಕ್ಕಪಕ್ಕದವರಿಗೆ ಎಚ್ಚರವಾಗುತ್ತದೆ ಅನ್ನುವ ಸಂಕೋಚಕ್ಕಾದರೂ ಏಳಲೇಬೇಕು. ರಾತ್ರಿ ಮೂರು ಜೋಳದ ರೊಟ್ಟಿ ಇದ್ದದ್ದು ಒಂದಾಯಿತು. ಜೊತೆಗೆ ಕಾಳು ಪಲ್ಯ, ಹಸಿ ಮೂಲಂಗಿ, ಮೆಂತ್ಯ ಸೊಪ್ಪು. 91 ಇದ್ದ ತೂಕ 77ಕ್ಕೆ ಬರಲು ಎರಡು ವರ್ಷ ಹಿಡಿಯಿತು. ಜಿಮ್ಮು, ಪ್ಯಾಕೇಜು, ಕೈಗೆ ಕಟ್ಟುವ ಯಂತ್ರ ಒಂದೂ ಬೇಡ. ನಡೆಯಲು ಪೈಸೆ ಖರ್ಚಿಲ್ಲ.

ಜಯನಗರ ಪ್ರೋಗ್ರಾಮರ್

ಮೇಷ್ಟ್ರ ದಾರಿ ಮೇಷ್ಟ್ರಿಗೆ ಸರಿ. ಆದರೆ ಪ್ಯಾಕೇಜ್ ಬೇಡ ಅಂತ ಎಲ್ಲರಿಗೂ ಹೇಳಬೇಡಿ. ನನಗೆ 46ಕ್ಕೆ ಬೈಪಾಸ್. ಅಪ್ಪು ತೀರಿಕೊಂಡದ್ದೂ 46ಕ್ಕೇ, 2021ರ ಅಕ್ಟೋಬರ್ 29. ಅವತ್ತಿನಿಂದ ನಮ್ಮ ಮನೆಯಲ್ಲಿ ವ್ಯಾಯಾಮ ಅಂದರೆ ಹೆದರಿಕೆ. ನಾನು ಮೆಟ್ಟಿಲು ಹತ್ತಿದರೆ ಹೆಂಡತಿ ಹಿಂದೆಯೇ ಬಂದು ನಿಲ್ಲುತ್ತಿದ್ದಳು. ಅಮ್ಮನಂತೂ ಬಕೆಟ್ ಮುಟ್ಟಲು ಬಿಡುತ್ತಿರಲಿಲ್ಲ. ಎದೆ ಮೂಳೆ ಕೂಡುವ ಮೊದಲ ಎರಡು ಮೂರು ತಿಂಗಳು ಭಾರ ಎತ್ತಬಾರದು, ಅದು ಸರಿ. ಇವರು ವರ್ಷವಾದರೂ ಬಿಡಲಿಲ್ಲ.

ಅದಕ್ಕೇ ಕಾರ್ಡಿಯಾಕ್ ರಿಹ್ಯಾಬ್ ಸೇರಿದೆ, ಹೃದಯ ರೋಗಿಗಳಿಗೆ ನಿಗಾ ಇಟ್ಟು ವ್ಯಾಯಾಮ ಮಾಡಿಸುವ ಪ್ಯಾಕೇಜ್. 12 ವಾರಕ್ಕೆ 30,000. ಅದಕ್ಕೆ ಮುಂಚೆ ಎಕೋ (ಹೃದಯದ ಸ್ಕ್ಯಾನ್) 2,800, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಪರೀಕ್ಷೆ) 2,200. ಪಥ್ಯ ಹೇಳುವವರಿಗೆ ಸಲಕ್ಕೆ 1,500. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ, ಅಡ್ಮಿಟ್ ಆಗಿಲ್ಲವಲ್ಲ ಅಂದರು. ಆಪರೇಷನ್ ಬಿಲ್ಲಿನಲ್ಲೇ ಅವರು ಕೈ ಕೊಟ್ಟಿದ್ದರು. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 5,000 ಮಿತಿ. ನಮಗೆ ಸಿಕ್ಕಿದ್ದು 8,000ದ ರೂಮು. ಹೆಚ್ಚಿನ 3,000 ಮಾತ್ರ ನಾವು ಕೊಡಬೇಕು ಅಂದುಕೊಂಡಿದ್ದೆವು. ಇಲ್ಲ, ಸರ್ಜನ್ ಫೀಸು, ಓಟಿ ಚಾರ್ಜು ಎಲ್ಲವನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡಿದರು. ಕೈಯಿಂದ 1,30,000 ಹೋಯಿತು. ಇದನ್ನು ಓದುವವರು ಇವತ್ತೇ ನಿಮ್ಮ ಪಾಲಿಸಿ ತೆಗೆದು ರೂಮು ಬಾಡಿಗೆ ಸಾಲು ನೋಡಿ.

ರಿಹ್ಯಾಬ್‌ನಲ್ಲಿ ಸಿಕ್ಕಿದ್ದು ಧೈರ್ಯ. ಎದೆಗೆ ತಂತಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ, ಪಕ್ಕದಲ್ಲಿ ಇಸಿಜಿ ಓಡುತ್ತಿರುತ್ತದೆ. ಹೆಂಡತಿಯನ್ನೂ ಒಳಗೆ ಕರೆದು ಕೂರಿಸಿದರು. ಪರದೆಯ ಮೇಲೆ ನೋಡಿದ ಮೇಲೆ ಅವಳ ಕಾವಲು ನಿಂತಿತು. ಇನ್ನೊಂದು ಮಾತು. ಮೆಟೊಪ್ರೊಲಾಲ್ ತರದ, ಎದೆಬಡಿತ ನಿಧಾನ ಮಾಡುವ ಮಾತ್ರೆ ತಗೊಳ್ಳುವವರ ನಾಡಿ ಮಾಮೂಲಿನ ಹಾಗೆ ಏರುವುದಿಲ್ಲ. ಕೈಗಡಿಯಾರ ಇನ್ನೂ ಸಾಲದು ಅಂತಲೇ ತೋರಿಸುತ್ತಿರುತ್ತದೆ. ಅದನ್ನು ನಂಬಿ ಓಡಿದರೆ ಅಪಾಯ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಸಾಕು.

ಧಾರವಾಡ ಮೇಷ್ಟ್ರು

ಮಾತಾಡುತ್ತ ನಡೆಯುವುದನ್ನು ಕಲಿಯಲು 30,000 ರೂಪಾಯಿ! ನಾವು ಮೈದಾನದಲ್ಲಿ ಮಾಡುವುದೂ ಅದನ್ನೇ ಅಲ್ವಾ? ಬಡ ಮಾಸ್ತರರು, ರೈತರು ಎಲ್ಲಿಂದ ತರಬೇಕು ಅಷ್ಟು ದುಡ್ಡು? ಇಂಥ ಮಾತು ಕೇಳಿಯೇ ಎಷ್ಟೋ ಜನ ನಮ್ಮ ಕೈಲಾಗದು ಅಂತ ಮನೆಯಲ್ಲಿ ಕೂತುಬಿಡುತ್ತಾರೆ.

ಜಯನಗರ ಪ್ರೋಗ್ರಾಮರ್

ಬೇಸರ ಆಗುತ್ತದೆ ಮೇಷ್ಟ್ರೆ. ಟ್ರೆಡ್‌ಮಿಲ್ ಮೇಲಿದ್ದಾಗ ನನ್ನ ಎದೆಬಡಿತ ನಡುನಡುವೆ ತಪ್ಪುತ್ತಿದ್ದದ್ದು ಇಸಿಜಿಯಲ್ಲಿ ಕಂಡಿತು. ನನಗೆ ಏನೂ ಗೊತ್ತಾಗಿರಲಿಲ್ಲ. ಅವತ್ತೇ ರಕ್ತದಲ್ಲಿ ಪೊಟ್ಯಾಸಿಯಂ ನೋಡಿದರು, ಮಾತ್ರೆಯ ಡೋಸ್ ಬದಲಿಸಿದರು. ನಿಮ್ಮ ಮೂವರು ಗೆಳೆಯರಿಗೆ ಅದು ಕಾಣುತ್ತಿತ್ತಾ? ದುಡ್ಡು ಜಾಸ್ತಿ ಅನ್ನಿ, ಒಪ್ಪುತ್ತೇನೆ. ದಂಡ ಅನ್ನಬೇಡಿ.

ಕುಡ್ಲದ ಅಕ್ಕ

ನೀವಿಬ್ಬರೂ ಬೈಪಾಸ್ ಬಗ್ಗೆಯೇ ಹೇಳುತ್ತಿದ್ದೀರಿ. ಹೃದಯದ ಆಪರೇಷನ್ ಅಂದರೆ ಅದೊಂದೇ ಅಲ್ಲ. ನನಗೆ ಬ್ಲಾಕ್ ಇರಲಿಲ್ಲ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಹಾಳಾಗಿತ್ತು. ಲೋಹದ ಕವಾಟ ಹಾಕಿದ್ದಾರೆ. ಜೀವನಪೂರ್ತಿ ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು. ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತದೆ ಅನ್ನುವ ಅಳತೆ ಅದು.

ತೂಕ ಇಳಿಸಿ ಅಂತ ಎಲ್ಲರೂ ಹೇಳಿದರು. ಅನ್ನ ಅರ್ಧ ಮಾಡಿ ತಟ್ಟೆ ತುಂಬ ಬಸಳೆ, ಹರಿವೆ, ನುಗ್ಗೆಸೊಪ್ಪು ಬಡಿಸಿಕೊಂಡೆ. ಆರೇ ವಾರದಲ್ಲಿ ನಾಲ್ಕು ಕೆ.ಜಿ. ಹೋಯಿತು. ಖುಷಿಯಾಗಿತ್ತು. ಐಎನ್‌ಆರ್ ಮಾಡಿಸಿದರೆ 1.6! ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ನ ಶಕ್ತಿ ಇಳಿಸುತ್ತದೆ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನು ಗತಿ? ಐಎನ್‌ಆರ್ ಏರುವವರೆಗೆ ಹೊಟ್ಟೆಗೆ ಬೆಳಗ್ಗೆ ಸಂಜೆ ಇಂಜೆಕ್ಷನ್, ಒಂದಕ್ಕೆ 430 ರೂಪಾಯಿ. ಹೊಟ್ಟೆ ತುಂಬ ನೀಲಿ ಕಲೆ. ರಕ್ತ ಪರೀಕ್ಷೆಗೆ ಸಲಕ್ಕೆ 300, ಆಗ ಎರಡು ದಿನಕ್ಕೊಮ್ಮೆ. ಡಿಸ್ಚಾರ್ಜ್ ಮಾಡುವಾಗ ಸೊಪ್ಪು ಮುಟ್ಟಲೇಬೇಡಿ ಅಂತ ಒಬ್ಬರು ಹೇಳಿದ್ದರು. ಎರಡು ತಿಂಗಳಿಗೆ ಇನ್ನೊಬ್ಬರು ಸೊಪ್ಪು ಒಳ್ಳೆಯದು, ಧಾರಾಳ ತಿನ್ನಿ ಅಂದರು. ಮೂರನೆಯವರು ಸರಿಯಾಗಿ ಹೇಳಿದರು: ಬಿಡಬೇಡಿ, ಏರಿಸಬೇಡಿ, ವಾರ ವಾರ ಅಳತೆ ಒಂದೇ ಇರಲಿ. ಈ ಒಂದು ಸಾಲನ್ನು ಮೊದಲೇ ಹೇಳಲು ಏನು ಕಷ್ಟವಿತ್ತು? ಮೇಷ್ಟ್ರೆ, ಮೆಂತ್ಯ ಸೊಪ್ಪು ತಿನ್ನಿ ಅಂತ ಎಲ್ಲರಿಗೂ ಹೇಳುವ ಮುಂಚೆ ಇದನ್ನು ಯೋಚನೆ ಮಾಡಿ.

ಹೆಂಗಸರಿಗೆ ಇನ್ನೊಂದು ಕಷ್ಟ, ಯಾರೂ ಹೇಳುವುದಿಲ್ಲ. ಎದೆಯ ಭಾರಕ್ಕೆ ಗಾಯ ಎಳೆಯುತ್ತದೆ, ಎರಡು ಹೆಜ್ಜೆ ಜೋರಾಗಿ ಇಟ್ಟರೆ ಹೊಲಿಗೆ ಉರಿಯುತ್ತದೆ. ಮುಂದೆ ಹುಕ್ಕು ಇರುವ ಮೆತ್ತನೆ ಹತ್ತಿಯ ಬ್ರಾ ಹಾಕಿಕೊಳ್ಳಿ. ಕದ್ರಿ ಪಾರ್ಕಿನಲ್ಲಿ ನಾನು ನಿಧಾನ ನಡೆಯುವುದನ್ನು ನೋಡಿ ಇಷ್ಟು ಸಣ್ಣ ವಯಸ್ಸಿಗೆ ಸೋಮಾರಿತನ ಅಂದವರೂ ಇದ್ದಾರೆ.

ದಾವಣಗೆರೆ ಮನೆಯಾಕೆ

ಆಪರೇಷನ್ ಆದದ್ದು ನಮ್ಮ ಮನೆಯವರಿಗೆ. ಹುಮ್ಮಸ್ಸು ಉಳಿಸಿಕೊಳ್ಳಬೇಕಾದದ್ದು ನಾನು! ತಿಂಗಳಿಗೆ ತಲೆಗೆ ಅರ್ಧ ಲೀಟರ್ ಎಣ್ಣೆ ಅಂತ ಬಾಟಲಿಗೆ ಪಟ್ಟಿ ಅಂಟಿಸಿದ್ದೇನೆ. ಉಪ್ಪಿನಕಾಯಿ, ಹಪ್ಪಳ ನಮ್ಮ ಅಡುಗೆಮನೆ ಬಿಟ್ಟು ಎರಡು ವರ್ಷವಾಯಿತು. ಮಕ್ಕಳಿಗೂ ಚಪ್ಪೆ ಸಾರು. ಇವರು ಅಂಗಡಿಗೆ ಹೋಗುವ ದಾರಿಯಲ್ಲಿ ಬೆಣ್ಣೆ ದೋಸೆ ಮುಗಿಸಿಕೊಂಡು ಹೋಗುತ್ತಾರೆ. ಶರ್ಟಿನ ತೋಳಿಗೆ ಬೆಣ್ಣೆ ಹತ್ತಿದ್ದು ಒಗೆಯುವಾಗ ಸಿಕ್ಕಿತು. ಕೇಳಿದರೆ, ನಡೆದಿದ್ದೇನಲ್ಲ, ಕರಗುತ್ತದೆ ಅನ್ನುತ್ತಾರೆ. ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 300-400 ಕ್ಯಾಲೊರಿ ಹೋಗಬಹುದು, ಅಷ್ಟೇ. ಎರಡು ಬೆಣ್ಣೆ ದೋಸೆ ಅದನ್ನು ನುಂಗಿ ನೀರು ಕುಡಿಯುತ್ತವೆ. ನಡಿಗೆ ಹೃದಯಕ್ಕೆ, ತೂಕಕ್ಕೆ ತಟ್ಟೆ. ಇದನ್ನು ಇವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಡಿಸ್ಚಾರ್ಜ್ ಆದ ಹೊಸದರಲ್ಲಿ ಮೂರು ದಿನಕ್ಕೆ ಎರಡೂವರೆ ಕೆ.ಜಿ. ಏರಿತು. ಊಟ ಸೇರಿತು ಅಂತ ಅತ್ತೆ ಸಂತೋಷಪಟ್ಟರು. ಪಾದ ಒತ್ತಿ ನೋಡಿದರೆ ಗುಳಿ ಬೀಳುತ್ತಿತ್ತು. ರಾತ್ರಿ ಮಲಗಿದರೆ ಉಸಿರು ಸಾಲದು. ಅದು ಕೊಬ್ಬಲ್ಲ, ನೀರು. ಮತ್ತೆ ಅಡ್ಮಿಟ್, ಮತ್ತೆ 38,000. ಹೀಗೆ ತೂಕ ದಿಢೀರ್ ಏರಿದರೆ ಪಥ್ಯ ಮಾಡುತ್ತ ಕೂರಬೇಡಿ, ಆವತ್ತೇ ಡಾಕ್ಟರ್ ಹತ್ತಿರ ಹೋಗಿ. ಒಂದು ವಿಷಯ ಹೇಳುತ್ತೇನೆ, ಇವರು ಬೇಜಾರು ಮಾಡಿಕೊಂಡರೂ ಸರಿ. ಆಪರೇಷನ್ ಆದ ಮೇಲೆ ಸುಮ್ಮಸುಮ್ಮನೆ ಅಳುತ್ತಿದ್ದರು. ನಾವು ಸೋಮಾರಿತನ ಅಂದುಕೊಂಡದ್ದು ಖಿನ್ನತೆ. ಅದಕ್ಕೆ ಚಿಕಿತ್ಸೆ ಕೊಡಿಸಿದ ಮೇಲೆಯೇ ನಡೆಯಲು ಎದ್ದದ್ದು.

ಮೈಸೂರು ಕುಕ್ಕರಹಳ್ಳಿ

ಎಲ್ಲರೂ ನಡೆಯಿರಿ, ಕಡಿಮೆ ತಿನ್ನಿ ಅನ್ನುತ್ತೀರಿ. ಮಾಡಿದೆ. ಕುಕ್ಕರಹಳ್ಳಿ ಕೆರೆ ಸುತ್ತಿದೆ. ರಾಗಿ ಮುದ್ದೆಗೆ ಸಕ್ಕರೆ ಏರುವುದಿಲ್ಲ ಅಂದರು, ದೊಡ್ಡ ಮುದ್ದೆ ನುಂಗಿದೆ, 240 ತೋರಿಸಿತು. ಇನ್ಸುಲಿನ್ ತಗೊಂಡು ಖಾಲಿ ಹೊಟ್ಟೆಯಲ್ಲಿ ನಡೆದು ಕೆರೆ ಏರಿ ಮೇಲೆ ಬೆವತು ಕುಸಿದೆ, ಅಪರಿಚಿತರೊಬ್ಬರು ಬಾಯಿಗೆ ಗ್ಲೂಕೋಸ್ ಬಿಸ್ಕತ್ತು ಇಟ್ಟರು. ತೂಕ 97ರಿಂದ ಅಲ್ಲಾಡಲಿಲ್ಲ. ಕೊನೆಗೆ ಡಾಕ್ಟರ್ ಟಿರ್ಜೆಪಟೈಡ್ ಬರೆದರು, ಸಕ್ಕರೆಯನ್ನೂ ತೂಕವನ್ನೂ ಇಳಿಸುವ ಮದ್ದು, ವಾರಕ್ಕೊಂದು ಚುಚ್ಚು. ಅದು ನಮ್ಮ ದೇಶಕ್ಕೆ ಬಂದದ್ದೇ 2025ರ ಮಾರ್ಚ್‌ನಲ್ಲಿ. ಆಗ 2.5 ಮಿಲಿಗ್ರಾಂ ವಯಲ್ 3,500, 5ರದ್ದು 4,375. 5ರದ್ದು ತಿಂಗಳಿಗೆ ನಾಲ್ಕು ಅಂದರೆ 17,500! ಮಗಳ ಮದುವೆಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿದೆ. ಮೊದಲು ವಾಂತಿ, ಆಮೇಲೆ ಮಲಬದ್ಧತೆ. ಆದರೆ 84ಕ್ಕೆ ಬಂದಿದ್ದೇನೆ, ಇನ್ಸುಲಿನ್ ಅರ್ಧಕ್ಕಿಳಿದಿದೆ. ಈಗ ನಡೆಯಲು ಮನಸ್ಸಾಗುತ್ತದೆ, ಯಾಕೆಂದರೆ ನಡೆಯಲು ಆಗುತ್ತದೆ. ಈ ತರದ ಮದ್ದಿನಿಂದ ಹೃದಯಕ್ಕೂ ಲಾಭ ಅಂತ 17,604 ಜನರ ಅಧ್ಯಯನವೇ ಬಂದಿದೆ.

ಧಾರವಾಡ ಮೇಷ್ಟ್ರು

ಮಗಳ ಮದುವೆ ದುಡ್ಡು ಸೂಜಿಗೆ! ಇದು ಅಡ್ಡದಾರಿ. ಚುಚ್ಚುವುದು ಬಿಟ್ಟ ದಿನ ತೂಕ ವಾಪಸ್ ಬರುತ್ತದೆ.

ಮೈಸೂರು ಕುಕ್ಕರಹಳ್ಳಿ

ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟರೆ ಕೊಲೆಸ್ಟ್ರಾಲ್ ವಾಪಸ್ ಬರುವುದಿಲ್ಲವಾ? ಅದು ಅಡ್ಡದಾರಿ ಅಲ್ಲವಾ? ನನ್ನ ಮನೆಯ ದುಡ್ಡಿನ ವಿಷಯ ನೀವು ಮಾತಾಡಬೇಡಿ. ಮಗಳೇ ಮುರಿಸಿ ಕೊಟ್ಟದ್ದು. ಅಪ್ಪ ಇರಬೇಕು ಅಂತ.

ಜಯನಗರ ಪ್ರೋಗ್ರಾಮರ್

ಸಿಟ್ಟಾಗಬೇಡಿ ಸರ್, ಒಂದು ತಿದ್ದುಪಡಿ. 17,604 ಜನರ ಆ ಸೆಲೆಕ್ಟ್ ಅಧ್ಯಯನ ಅದೇ ತರದ ಇನ್ನೊಂದು ಮದ್ದು ಸೆಮಾಗ್ಲುಟೈಡ್ ಬಗ್ಗೆ, ಟಿರ್ಜೆಪಟೈಡ್ ಬಗ್ಗೆ ಅಲ್ಲ. ಅದರಲ್ಲಿದ್ದವರಿಗೆ ಹೃದಯ ಕಾಯಿಲೆ, ಅತಿ ತೂಕ ಎರಡೂ ಇತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಒಟ್ಟು ಲೆಕ್ಕದಲ್ಲಿ 20% ಕಡಿಮೆಯಾಯಿತು. ಈ ಮದ್ದುಗಳಿಂದ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಡಾಕ್ಟರ್ ಒಪ್ಪಿದರೆ ಸಣ್ಣ ತೂಕದ ಡಂಬೆಲ್ ಎತ್ತಿ, ಕಾಳು, ಮೊಟ್ಟೆಯ ಬಿಳಿ ತಿನ್ನಿ.

ತುಮಕೂರು ಅಂಗಡಿ

ಎಲ್ಲರಿಗೂ ಧನ್ಯವಾದ. ದಾವಣಗೆರೆ ಅಕ್ಕ, ನಿಮ್ಮ ಮನೆಯವರೂ ಅಂಗಡಿಯವರು. ಸಮಯ ಹೇಗೆ ಹೊಂದಿಸಿದರು? ಎಣ್ಣೆ ಯಾವುದು ಬಳಸುತ್ತೀರಿ?

ದಾವಣಗೆರೆ ಮನೆಯಾಕೆ

ಬಾಗಿಲು ತೆಗೆಯುವುದು ಮುಕ್ಕಾಲು ಗಂಟೆ ತಡ ಮಾಡಿಸಿದೆ. ಬೋರ್ಡಿನ ಮೇಲೆ ಸಮಯ ಬದಲಿಸಿ ಬರೆಸಿದೆ. ಗಿರಾಕಿ ಯಾರೂ ಬಿಟ್ಟು ಹೋಗಲಿಲ್ಲ. ಮಳೆಗಾಲದಲ್ಲಿ ಗೋದಾಮಿನೊಳಗೇ ನಡೆಯುತ್ತಾರೆ. ಎಣ್ಣೆ ಶೇಂಗಾ ಎಣ್ಣೆ.

ಕುಡ್ಲದ ಅಕ್ಕ

ಎಣ್ಣೆ ಬದಲಿಸಿ ಏನಾಗಬೇಕು? ನಮ್ಮಲ್ಲಿ ತಲೆತಲಾಂತರದಿಂದ ತೆಂಗಿನೆಣ್ಣೆ. ನಮ್ಮಜ್ಜಿ 90 ದಾಟಿದರು.

ಜಯನಗರ ಪ್ರೋಗ್ರಾಮರ್

ಅಕ್ಕ, ನಿಮಗೆ ಬ್ಲಾಕ್ ಇಲ್ಲ. ಪ್ರಶ್ನೆ ಕೇಳಿದವರಿಗೆ ಮೂರು ಗ್ರಾಫ್ಟ್ ಆಗಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಎಲ್ಲ ಸ್ಯಾಚುರೇಟೆಡ್ ಕೊಬ್ಬು, ಅದು ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರಿಸುತ್ತದೆ. ನಮ್ಮಂಥವರಿಗೆ ಅದು 70ರ ಕೆಳಗೆ ಇರಬೇಕು, 55ರ ಕೆಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ.

ಧಾರವಾಡ ಮೇಷ್ಟ್ರು

ಈ ಒಂದು ಮಾತಿಗೆ ಜಯನಗರದವರ ಜೊತೆ ನಾನಿದ್ದೇನೆ. ಗಾಣದ ಕುಸುಬಿ ಎಣ್ಣೆ ಹಾಕಿ. ನನ್ನ ಎಲ್‌ಡಿಎಲ್ 61.

ಕುಡ್ಲದ ಅಕ್ಕ

ಮೇಷ್ಟ್ರೆ, ದಿನಾ ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ 40 ನುಂಗುತ್ತೀರೋ ಇಲ್ಲವೋ, ಅದನ್ನು ಮೊದಲು ಹೇಳಿ. ಆ 61 ಮಾತ್ರೆಯದ್ದು, ಕುಸುಬಿಯದ್ದಲ್ಲ. ಬ್ಲಾಕ್ ಇರುವವರು ತೆಂಗಿನೆಣ್ಣೆ ಬಿಡಲಿ, ಅದನ್ನು ಒಪ್ಪಿದೆ. ನನ್ನ ಬಸಳೆ ಪದೆಂಗಿಗೆ (ಬಸಳೆ, ಹೆಸರುಕಾಳಿನ ಪದಾರ್ಥ) ಕುಸುಬಿ ಎಣ್ಣೆ ಸುರಿಯಲು ಮಾತ್ರ ಯಾರೂ ಹೇಳಬೇಡಿ.