ಅರ್ಜೆಂಟ್: ಎಕ್ಸ್‌ಟ್ರಾವರ್ಶನ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ವ್ಯಕ್ತಿತ್ವ ಅಳೆಯೋ ಒಂದು ಪ್ರಶ್ನಾವಳಿ ಕನ್ನಡಕ್ಕೆ ತರ್ತಾ ಇದೀನಿ, ಮನಶ್ಶಾಸ್ತ್ರಜ್ಞ ಗೋಲ್ಡ್‌ಬರ್ಗ್ ಅವರ ಐಪಿಐಪಿ (ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್), 50 ವಾಕ್ಯದ್ದು, ಅದನ್ನ ಯಾರು ಬೇಕಾದ್ರೂ ಬಳಸಬಹುದು. ಶುಕ್ರವಾರ ಪ್ರಿಂಟಿಗೆ ಕೊಡ್ಬೇಕು. ಅದರಲ್ಲಿ 10 ವಾಕ್ಯ ಎಕ್ಸ್‌ಟ್ರಾವರ್ಶನ್‌ದು, ಅಂದ್ರೆ ಜನರ ಜೊತೆ ಬೆರೆತು ಮಾತಾಡ್ಕೊಂಡು ಇರೋ ಗುಣದ್ದು. ಅಂತರ್ಮುಖಿ, ಬಹಿರ್ಮುಖಿ ಪೇಪರಲ್ಲೆಲ್ಲ ಬರುತ್ತೆ ಸರಿ, ಆದ್ರೆ ನನಗೆ ಬೇಕಿರೋದು ಆಳಿನ ಹೆಸರಲ್ಲ, ಗುಣದ್ದು, ಎಲ್ಲರಲ್ಲೂ ಹೆಚ್ಚೋ ಕಮ್ಮಿನೋ ಇರೋ ಗುಣ. ಬಹಿರ್ಮುಖತೆನಾ, ಬಹಿರ್ಮುಖತ್ವನಾ, ಹೊರಮುಖತನನಾ? ಇನ್ನೊಂದು ವಾಕ್ಯ "ನಾನು ಪಾರ್ಟಿಯ ಜೀವಾಳ" ಅಂತಾಗಿದೆ. ಓದಿಸಿ ನೋಡಿದ್ರೆ "ಯಾವ ಪಾರ್ಟಿ ಸಾರ್, ನಾವು ಯಾರಿಗೂ ಸೇರಿದೋರಲ್ಲ" ಅಂದ್ರು.

* * *

ಬಹಿರ್ಮುಖತೆ ಸಾಕು, ತ್ವ ಬೇಡ. ಆದ್ರೆ "ಅಂತರ್ಮುಖಿ"ಯೇ ತಪ್ಪು ಪ್ರಯೋಗ ಅಂತ ಎಷ್ಟು ಸಲ ಹೇಳೋದು. ಸುಮುಖ, ವಿಮುಖ, ಷಣ್ಮುಖ. ಚಂದ್ರಮುಖಿ ಹೆಣ್ಣು. ಗಂಡಸರಿಗೆಲ್ಲ ಅಂತರ್ಮುಖಿ ಅಂತ ಸೀರೆ ಉಡಿಸ್ತಿದೀವಿ. ಅಂದಹಾಗೆ ಮನಶ್ಶಾಸ್ತ್ರಜ್ಞ ಯೂಂಗ್ 1921ರಲ್ಲಿ ಈ ಒಳಮುಖ ಹೊರಮುಖದ ಬಗ್ಗೆ ಪುಸ್ತಕ ಬರೆದು ಹೇಳಿದ್ದು ಹೊಸದೇನಲ್ಲ, ಇಂದ್ರಿಯಗಳು ಹೊರಕ್ಕೆ ತೆರೆದಿವೆ, ಯಾವನೋ ಒಬ್ಬ ಧೀರ ಕಣ್ಣನ್ನ ಒಳಕ್ಕೆ ತಿರುಗಿಸ್ತಾನೆ ಅಂತ ಕಠೋಪನಿಷತ್ತಲ್ಲೇ ಇದೆ.

* * *

ಅಲ್ಲೇ ಇರೋದು ತೊಂದರೆ. ಉಪನಿಷತ್ತಿನ ಧೀರ ಆತ್ಮನನ್ನ ನೋಡೋಕೆ ಹೊರಟೋನು. ಸೈಕಾಲಜಿ ಹೇಳೋ ಇಂಟ್ರೊವರ್ಟು ಮದುವೆ ಮನೇಲಿ ಊಟ ಮುಗಿಸಿ ಬೇಗ ಮನೆಗೆ ಹೊರಡೋನು, ಅಷ್ಟೇ, ಆತ್ಮಗೀತ್ಮ ಏನಿಲ್ಲ. ಐಸೆಂಕ್ ಅನ್ನೋ ಮನಶ್ಶಾಸ್ತ್ರಜ್ಞರು 1967ರಲ್ಲಿ ಇದಕ್ಕೆ ಮೆದುಳಲ್ಲೇ ಕಾರಣ ಹುಡುಕಿದ್ರು, ಇಂಥೋರ ಮೆದುಳು ಮೊದಲೇ ಜಾಸ್ತಿ ಎಚ್ಚರ ಇರುತ್ತೆ, ಹೊರಗಿನ ಗದ್ದಲ ಅಷ್ಟು ಬೇಕಿರಲ್ಲ ಅಂತ, ಅದನ್ನ ಪರೀಕ್ಷೆ ಮಾಡೋಕೆ ನಾಲಿಗೆ ಮೇಲೆ ನಿಂಬೆರಸದ ಹನಿ ಬಿಟ್ಟು ಎಷ್ಟು ಜೊಲ್ಲು ಬರುತ್ತೆ ಅಂತ ತೂಕ ಹಾಕಿದ್ರು! ಇಂಟ್ರೊವರ್ಟುಗಳಿಗೇ ಜಾಸ್ತಿ ಬಂತು. ಇದನ್ನ ಅಂತರ್ಮುಖತೆ ಅಂದ್ರೆ ಓದೋರು ಪದ್ಮಾಸನ ಹಾಕ್ಕೊಂಡು ಕೂತ್ಬಿಡ್ತಾರೆ. ಹಾಗಂತ ಸಂಕೋಚ, ನಾಚಿಕೆ ಅಂತ ಬರೀಬೇಡಿ. ಜನರ ಜೊತೆ ಸೇರೋ ಆಸೆ ಬೇರೆ, ಸೇರೋಕೆ ಅಂಜೋದು ಬೇರೆ ಅಂತ ಚೀಕ್ ಮತ್ತು ಬಸ್ ಅನ್ನೋ ಸಂಶೋಧಕರು 1981ರಲ್ಲೇ ಬೇರ್ಪಡಿಸಿ ತೋರಿಸಿದಾರೆ. ಸೇರೋಕೆ ಆಸೆ ಇದ್ದೂ ಅಂಜೋರು ಇದಾರೆ.

* * *

ಬಹಿರ್ ಅಂದ್ರೆ ನಮ್ಮೂರ ಕಡೆ ಜನಕ್ಕೆ ಬಹಿರ್ದೆಸೆ ಒಂದೇ ಗೊತ್ತಿರೋದು. ಚೊಂಬು ಹಿಡ್ಕೊಂಡು ಹೋಗೋ ಗುಣ ಅನ್ಕೋತಾರೆ. ಹೊರಮೊಗತನ, ಒಳಮೊಗತನ. ಮುಗೀತು.

* * *

ಮೊಗ ತದ್ಭವ ಸ್ವಾಮಿ.

* * *

ಮುಖವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಅಂತ ವಾದಿಸಿರೋ ಭಾಷಾವಿಜ್ಞಾನಿಗಳಿದಾರೆ, ಓದ್ಕೊಂಡು ಬನ್ನಿ. ಅಲ್ಲದೆ ಎಕ್ಸ್‌ಟ್ರಾವರ್ಟ್ ಪದದ ಮೂಲ ಲ್ಯಾಟಿನ್ನಿನಲ್ಲಿ ಮುಖ ಇಲ್ಲವೇ ಇಲ್ಲ, ಅಲ್ಲಿರೋದು ತಿರುಗೋದು. ಹೊರತಿರುಗ ಅನ್ನಿ ಬೇಕಾದ್ರೆ.

* * *

ಹೊರತಿರುಗ ಅಂದ್ರೆ ಮನೆ ಸೇರದೆ ಊರು ಸುತ್ತೋ ಪೋಲಿ. ಮಧ್ಯದವರಿಗೆ, ಅದೇ ಆಂಬಿವರ್ಟ್‌ಗೆ, ಏನಂತೀರಿ, ಇಮ್ಮೊಗ? ಉಭಯಮುಖಿ? ಎರಡೂ ಬೈಗುಳದ ಹಾಗೇ ಕೇಳುತ್ತೆ. ಜನರಲ್ಲಿ ಹೆಚ್ಚಿನವರು ಇರೋದೇ ಆ ಮಧ್ಯದಲ್ಲಿ ಅನ್ನೋದು ನೆನಪಿರಲಿ. ಅರ್ಜಿ, ತಹಶೀಲ್ದಾರು, ಜಮೀನು ಎಲ್ಲ ಒಳಗೆ ಬಿಟ್ಕೊಂಡಿದೀವಿ, ಇದನ್ನೂ ಎಕ್ಸ್‌ಟ್ರಾವರ್ಟ್ ಅಂತಲೇ ಬಿಡಿ.

* * *

ಎಲ್ಲಾ ಬಿಡಿ ಬಿಡಿ ಅಂತ ಬಿಟ್ಟೇ ಈ ಗತಿ ಬಂದಿರೋದು.

* * *

ಎಲ್ರಿಗೂ ಥ್ಯಾಂಕ್ಸ್. ಬಹಿರ್ಮುಖತೆ ಇಟ್ಕೋತೀನಿ, ಅದೂ ವರದಿಯಲ್ಲಿ ಮಾತ್ರ. ಪ್ರಶ್ನಾವಳಿಯಲ್ಲಿ ಆ ಪದ ಹಾಕೋಹಾಗೇ ಇಲ್ಲ, ಏನು ಅಳೀತಿದೀವಿ ಅಂತ ಗೊತ್ತಾದ್ರೆ ಉತ್ತರ ವಾಲುತ್ತೆ. ಪಾರ್ಟಿ ವಾಕ್ಯ "ನಾಲ್ಕು ಜನ ಸೇರಿದ ಕಡೆ ನಾನಿದ್ರೆ ಕಳೆ ಕಟ್ಟುತ್ತೆ" ಅಂತ ಮಾಡಿದೀನಿ. ಇನ್ನು ಬೇರೆಯವರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡ್ಬೇಕು.

* * *

ಕಳೆ ಚೆನ್ನಾಗಿದೆ. ಸಂಸ್ಕೃತದ ಕಲಾದಿಂದ ಬಂದದ್ದು, ಗೊತ್ತಿರಲಿ.

* * *

ಹೊಲದಲ್ಲಿ ಬೆಳೆಯೋದೂ ಕಳೆನೇ. ವಾಪಸ್ ಇಂಗ್ಲಿಷಿಗೆ ಮಾಡೋರು ರೈತರ ಮಕ್ಕಳಾಗಿದ್ರೆ ನೋಡ್ಕೊಳ್ಳಿ.