ಎರಡು ತಿಂಗಳು ನಿಂತ ಪಿಕಪ್, ನೆಲಕ್ಕೆ ಹೋಗಿ ಕೂತ ಕ್ಲಚ್ ಪೆಡಲ್

ಪ್ರಶ್ನೆ (ಮಲ್ಪೆಯಿಂದ):
ನಮಸ್ಕಾರ ಅಣ್ಣ. ನನ್ನದು ಹದಿನೈದು ವರ್ಷ ಹಳೇ ಡೀಸೆಲ್ ಪಿಕಪ್. ಬಂದರಿನಿಂದ ಕಾರ್ಕಳ, ಹೆಬ್ರಿ ಕಡೆಗೆ ಮೀನು ಸಾಗಿಸುವುದು. ಜೂನ್, ಜುಲೈ ಬೋಟು ಬಂದ್ ಅಲ್ವಾ, ಗಾಡಿ ಮನೆ ಹಿಂದೆ ಸುಮ್ನೆ ನಿಂತಿತ್ತು. ಆಗಸ್ಟ್ 1ಕ್ಕೆ ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಕಾಲಿನ ಬೆರಳು ಕೊಟ್ಟು ಎತ್ತಬೇಕು. ನಾಲ್ಕೈದು ಸಲ ಪಂಪ್ ಮಾಡಿದರೆ ಗೇರ್ ಬೀಳುತ್ತದೆ, ರಿವರ್ಸ್ ಮಾತ್ರ ಕರ್ರ್ ಎನ್ನುತ್ತದೆ. ಒಂದು ಗ್ಯಾರೇಜಿನವರು ಬಗ್ಗಿ ಸಹ ನೋಡದೆ, ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಪ್ಲೇಟ್ ಹಾಕಿ ಎರಡು ವರ್ಷ ಆಗಲಿಲ್ಲ. ಎಂತ ಮಾಡುವುದು?

ಮೆಕ್ಯಾನಿಕ್:
ಗೇರ್‌ಬಾಕ್ಸ್ ಇಳಿಸಬೇಡಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಉಂಟು. ಪಂಪ್ ಮಾಡಿದರೆ ಗೇರ್ ಬೀಳುತ್ತದೆ ಎಂದಿರಲ್ಲ, ಸವೆದ ಪ್ಲೇಟ್ ಪಂಪ್ ಮಾಡಿದ್ದಕ್ಕೆ ಸರಿಯಾಗುವುದಿಲ್ಲ. ಸರಿಯಾಗುವುದು ಕ್ಲಚ್ಚಿನ ಎಣ್ಣೆಯ (ಬ್ರೇಕ್ ಆಯಿಲ್ಲೇ) ಪ್ರೆಶರ್. ಎಲ್ಲೋ ಲೀಕ್ ಇರಬೇಕು, ಇಲ್ಲ ಏರ್ ಹಿಡಿದಿರಬೇಕು.

ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಪೈಪಿನಲ್ಲಿ ತಳ್ಳುತ್ತದೆ. ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಾಡ್ ಹೊರಗೆ ಬಂದು ಕ್ಲಚ್ ಬಿಡಿಸುವ ಫೋರ್ಕನ್ನು ದೂಡುತ್ತದೆ. ಅಷ್ಟೇ ಕೆಲಸ. ಮೊದಲು ಎಣ್ಣೆ ಡಬ್ಬಿಯ ಮಟ್ಟ ನೋಡಿ. ಆಮೇಲೆ ಪೆಡಲ್ ಹತ್ತಿರದ ಮ್ಯಾಟ್ ಎತ್ತಿ, ಪೆಡಲಿನ ರಾಡ್ ಒಳಗೆ ಹೋಗುವಲ್ಲಿ ಬೆರಳಿಟ್ಟು ನೋಡಿ. ಅಂಟಂಟು ಒದ್ದೆ ಇದ್ದರೆ ಮಾಸ್ಟರ್. ಅಲ್ಲಿ ಒಣಗಿದ್ದರೆ ಗಾಡಿ ಅಡಿಗೆ ಹೋಗಿ ಸ್ಲೇವಿನ ತುದಿಯ ರಬ್ಬರ್ ಮುಚ್ಚಳವನ್ನು (ಬೂಟ್) ಮೆಲ್ಲ ಹಿಂದೆ ಸರಿಸಿ, ಒಳಗೆ ಎಣ್ಣೆ ಇದ್ದರೆ ಸ್ಲೇವ್.

ಇನ್ನೊಂದು, ಇದನ್ನು ಮಾತ್ರ ಬಿಡಬೇಡಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಅಡಿಯಲ್ಲಿ ಸ್ಕೇಲ್ ಹಿಡಿದು ಸ್ಲೇವಿನ ರಾಡ್ ಎಷ್ಟು ಹೊರಗೆ ಬರುತ್ತದೆ ಅಳೆಯಿರಿ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇದ್ದರೂ 12–15 ಮಿ.ಮೀ. ಆದರೂ ಬರಬೇಕು.

ಪ್ರಶ್ನೆ ಕೇಳಿದವರು:
ನೋಡಿದೆ. ಮ್ಯಾಟ್ ಒಣಗಿದೆ. ಡಬ್ಬಿಯಲ್ಲಿ ಎಣ್ಣೆ ಮಿನಿಮಮ್ ಗೆರೆಗಿಂತ ಕೆಳಗೆ, ಬಣ್ಣ ಕಾಫಿ ಡಿಕಾಕ್ಷನ್ ಹಾಗೆ. ಬೂಟ್ ಮುಟ್ಟಿದ್ದೇ ತಡ ಹರಿಯಿತು, ಒಳಗಿನಿಂದ ಕಪ್ಪು ನೀರು ಇಳಿಯಿತು. ರಾಡ್ ಬರುವುದು ಬರೀ 6 ಮಿ.ಮೀ.

ಮೆಕ್ಯಾನಿಕ್:
ಹಾಗಾದರೆ ಸ್ಲೇವೇ. ಮೀನಿನ ಗಾಡಿಗಳಲ್ಲಿ ಇದು ಜಾಸ್ತಿ. ಐಸ್ ಕರಗಿದ ಉಪ್ಪು ನೀರು ಬಾಡಿಯ ಸಂದಿಯಿಂದ ತೊಟ್ಟಿಕ್ಕಿ ಸೀದಾ ಸ್ಲೇವಿನ ಮೇಲೆ ಬೀಳುತ್ತದೆ. ಬೂಟ್ ಬಿರುಕು ಬಿಟ್ಟರೆ ಒಳಗೆ ತುಕ್ಕು ಶುರು. ಓಡುವಷ್ಟು ದಿನ ಪಿಸ್ಟನ್ ತನ್ನ ಜಾಗವನ್ನು ತಾನೇ ಉಜ್ಜಿಕೊಳ್ಳುತ್ತದೆ. ಎರಡು ತಿಂಗಳು ಮಳೆಯಲ್ಲಿ ನಿಂತರೆ ಪಿಸ್ಟನ್ ಮುಂದಿನ ಸಿಲಿಂಡರ್ ಗೋಡೆ ಒರಟಾಗುತ್ತದೆ. ಮೊದಲ ದಿನ ಒತ್ತಿದಾಗ ಪಿಸ್ಟನ್ನಿನ ರಬ್ಬರ್ ಅದರ ಮೇಲೆ ಹೋಗಿ ಹರಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ನೀರನ್ನೂ ಹೀರುತ್ತದೆ. ನಮ್ಮ ಕಡೆಯ ಮಳೆಗಾಲದ ಗಾಳಿ ಕೇಳಬೇಕಾ!

ಸ್ಲೇವ್ ಬಿಚ್ಚಿ ಒಳಗೆ ಒರೆಸಿ, ಗೋಡೆಯ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲೂ ಸಿಕ್ಕದಿದ್ದರೆ ರಬ್ಬರ್ ಕಿಟ್ ಸಾಕು. ಸಣ್ಣ ಗುಂಡಿಗೆ ಸಿಕ್ಕಿದರೆ ಹೊಸ ಸಿಲಿಂಡರೇ ಹಾಕಿ. ಸ್ಯಾಂಡ್‌ಪೇಪರ್ ಕೊಟ್ಟು ಉಜ್ಜಿ ಕಿಟ್ ಹಾಕುವವರಿದ್ದಾರೆ. ಸ್ವಲ್ಪ ದಿನ ಬರುತ್ತದೆ, ಆಮೇಲೆ ಲೋಡ್ ಇರುವಾಗಲೇ ಕೈಕೊಡುತ್ತದೆ. ಸ್ಲೇವ್ ನೇತಾಡುತ್ತಿರುವಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹಾರಿ ಹೊರಗೆ ಬರುತ್ತದೆ. ರಬ್ಬರನ್ನು ಪೆಟ್ರೋಲ್, ಡೀಸೆಲಿನಲ್ಲಿ ತೊಳೆಯಬೇಡಿ, ಉಬ್ಬುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಬರೆದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನೇ ಹಾಕಿ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ.

ಏರ್ ತೆಗೆಯಲು ಸ್ಲೇವಿನ ನಿಪ್ಪಲ್‌ಗೆ (ಏರ್ ಬಿಡುವ ತೂತಿನ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಿ. ಮೇಲಿನವರು ಮೆಲ್ಲ ಒತ್ತಿ ಹಿಡಿಯಲಿ, ನೀವು ನಿಪ್ಪಲ್ ಸಡಿಲ ಮಾಡಿ, ಗುಳ್ಳೆ ಹೋದ ಮೇಲೆ ಬಿಗಿ ಮಾಡಿ, ಆಮೇಲೆಯೇ ಅವರು ಕಾಲು ಎತ್ತಬೇಕು. ನಡುವೆ ಡಬ್ಬಿ ಖಾಲಿಯಾದರೆ ಮಾಡಿದ ಕೆಲಸ ಎಲ್ಲ ಹೊಳೆಗೆ.

ಇನ್ನೊಬ್ಬ ಸದಸ್ಯರು (ಕಿನ್ನಿಗೋಳಿ):
ನನ್ನದೂ ನಿಂತ ಗಾಡಿಯೇ. ಆದರೆ ಪೆಡಲ್ ಗಟ್ಟಿ ಉಂಟು, ಎಣ್ಣೆ ಫುಲ್, ರಾಡ್ ಪೂರ್ತಿ ಬರುತ್ತದೆ. ಗೇರ್ ಮಾತ್ರ ಬೀಳುವುದೇ ಇಲ್ಲ.

ಮೆಕ್ಯಾನಿಕ್:
ಅದು ಬೇರೆ ರೋಗ. ತುಕ್ಕು ಹಿಡಿದು ಪ್ಲೇಟ್ ಎಂಜಿನ್ನಿನ ಭಾರದ ಚಕ್ರಕ್ಕೆ (ಫ್ಲೈವೀಲ್) ಅಂಟಿರುವ ಹಾಗೆ ಕಾಣುತ್ತದೆ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ ಒಂದನೇ ಗೇರಿಗೆ ಹಾಕಿ, ಕ್ಲಚ್ ಒತ್ತಿಕೊಂಡು ಇಬ್ಬರಿಂದ ತಳ್ಳಿಸಿ. ಗಾಡಿ ಉರುಳದಿದ್ದರೆ ಪ್ಲೇಟ್ ಬಿಟ್ಟಿಲ್ಲ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಬಂದ್ ಮಾಡಿ. ಮುಂದೆ ಯಾರೂ ಇಲ್ಲದ ಖಾಲಿ ಮೈದಾನದಲ್ಲಿ ಒಂದನೇ ಗೇರಿಗೆ ಹಾಕಿಯೇ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಹಿಡಿದು ಮೆಲ್ಲ ಓಡಿಸುತ್ತಾ ಬ್ರೇಕ್ ಕೊಟ್ಟರೆ ಎಷ್ಟೋ ಸಲ ಪಟ್ ಎಂದು ಬಿಡುತ್ತದೆ. ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಮತ್ತೊಬ್ಬರು:
ಆಗುಂಬೆ ಘಾಟಿಯಲ್ಲಿ ಎಂಜಿನ್ ಬೊಬ್ಬೆ ಹಾಕುತ್ತದೆ, ಗಾಡಿ ಏರುವುದಿಲ್ಲ. ಅದೂ ಎಣ್ಣೆಯದ್ದಾ?

ಮೆಕ್ಯಾನಿಕ್:
ಹೆಚ್ಚಾಗಿ ಪ್ಲೇಟ್. ಆದರೂ ಸ್ಲಿಪ್ ಆಗುತ್ತಿರುವ ಹೊತ್ತಿಗೇ ಗಾಡಿ ನಿಲ್ಲಿಸಿ ಸ್ಲೇವಿನ ನಿಪ್ಪಲ್ ಒಂದು ಸಲ ಬಿಟ್ಟು ಬಿಗಿ ಮಾಡಿ ನೋಡಿ. ಕ್ಲಚ್ ಕೂಡಲೇ ಹಿಡಿದರೆ ಎಣ್ಣೆ ಹಿಂದೆ ಬರುತ್ತಿರಲಿಲ್ಲ ಎಂದು ಅರ್ಥ. ಪೆಡಲಿಗೆ ಸ್ವಲ್ಪವೂ ಫ್ರೀ ಪ್ಲೇ (ಒತ್ತುವ ಮೊದಲಿನ ಸಡಿಲ ಆಟ) ಇಲ್ಲದಿದ್ದರೆ ಹೀಗಾಗುತ್ತದೆ, ಎಣ್ಣೆ ಡಬ್ಬಿಗೆ ಹಿಂದೆ ಹೋಗುವ ಮಾಸ್ಟರಿನ ಸಣ್ಣ ತೂತು ಕಟ್ಟಿದರೂ ಆಗುತ್ತದೆ.

ಪ್ರಶ್ನೆ ಕೇಳಿದವರು:
ಮೂರು ಕಡೆ ಉಗುರು ಸಿಕ್ಕಿತು, ಹೊಸ ಸ್ಲೇವ್ ಹಾಕಿದೆ. ಅರ್ಧ ಲೀಟರ್ ಎಣ್ಣೆ ಹೋಯಿತು, ಪೆಡಲ್ ಇನ್ನೂ ಸ್ಪಂಜ್ ಹಾಗೆ.

ಮೆಕ್ಯಾನಿಕ್:
ನಿಪ್ಪಲ್ ಮೇಲೆ ಉಂಟಾ, ಕೆಳಗೆ ಉಂಟಾ? ಗುಳ್ಳೆ ಮೇಲಕ್ಕೇ ಹೋಗುವುದು. ಸ್ಲೇವಿನ ಬೋಲ್ಟ್ ಬಿಚ್ಚಿ, ರಾಡ್ ಪೂರ್ತಿ ಒಳಗೆ ದೂಡಿ ತಂತಿಯಲ್ಲಿ ಕಟ್ಟಿ. ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಓರೆ ಹಿಡಿದು ಇನ್ನೊಮ್ಮೆ ಏರ್ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಆಯಿತು ಅಣ್ಣ! ಒಂದು ದೊಡ್ಡ ಗುಳ್ಳೆ ಬಂತು, ಮತ್ತೆ ಪೆಡಲ್ ಗಟ್ಟಿ. ರಾಡ್ 14 ಮಿ.ಮೀ. ಬರುತ್ತದೆ. ರಿವರ್ಸ್ ಶಬ್ದವೇ ಇಲ್ಲದೆ ಬೀಳುತ್ತದೆ.

ಮೆಕ್ಯಾನಿಕ್:
ಒಳ್ಳೆಯದಾಯಿತು. ಐಸ್ ನೀರು ಸ್ಲೇವಿನ ಮೇಲೆ ಬೀಳದ ಹಾಗೆ ಹಿಂದಕ್ಕೆ ಒಂದು ಪೈಪ್ ಕೊಟ್ಟಿರಾ?

ಪ್ರಶ್ನೆ ಕೇಳಿದವರು:
ನಾಳೆ ಕೊಡುತ್ತೇನೆ.

ಮೆಕ್ಯಾನಿಕ್:
ನಾಳೆ ಬೆಳಿಗ್ಗೆ ಲೋಡ್ ಇಲ್ವಾ ಮಾರಾಯ್ರೇ? ಇವತ್ತೇ ಕೊಡಿ.