ಬಾರ್ಬಡೋಸ್‌ನಲ್ಲಿ ಒಂದೇ ದಿನ: ಕಾಕಂಬಿ ರಮ್ ಆಗುವುದನ್ನು ಅಪ್ಪನಿಗೆ ಎಲ್ಲಿ ತೋರಿಸಲಿ?

ಡೊಂಬಿವಲಿಯ ಮಗಳು:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾವು ಐದು ಜನ ಕೆರಿಬಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ಅಪ್ಪ, ಅಮ್ಮ, ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ. ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಹಡಗು ಹತ್ತುತ್ತೇವೆ. ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಹಡಗು ಬೆಳಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಆ ಒಂದು ದಿನಕ್ಕೇ ನನ್ನ ಪ್ರಶ್ನೆ.

ಅಪ್ಪ ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ 31 ವರ್ಷ ಪ್ಯಾನ್‌ಮನ್ ಆಗಿದ್ದರು. ಹರಳು ಕಟ್ಟುವ ಹದ ನೋಡುವ ಕೆಲಸ. ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಗಟ್ಟಿ ಪಾಕವೇ ಕಾಕಂಬಿ (ಮೊಲಾಸಸ್). ಅದು ತುಂಬಿದ ಟ್ಯಾಂಕರ್‌ಗಳು ಗೇಟು ದಾಟುವುದನ್ನು ದಿನಾ ನೋಡಿದವರು. ಆದರೆ ಆ ಕಾಕಂಬಿ ಮುಂದೆ ಏನಾಗುತ್ತದೆ ಅನ್ನುವುದನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಅವರು ಕುಡಿಯುವುದೇ ಇಲ್ಲ. ಹೋದ ತಿಂಗಳು ನಾನು ಪ್ರವಾಸದ ಪಟ್ಟಿ ಓದಿ ಹೇಳುತ್ತಿದ್ದೆ. ಬೀಚು, ಕಡಲಾಮೆ, ಗುಹೆ ಯಾವುದಕ್ಕೂ ತಲೆ ಎತ್ತಲಿಲ್ಲ. ರಮ್ ಕಾರ್ಖಾನೆ ಅಂದ ಕೂಡಲೇ ಪೇಪರ್ ಕೆಳಗಿಟ್ಟರು. "ಅಲ್ಲೂ ಕಾಕಂಬಿಯಿಂದಲೇ ಮಾಡ್ತಾರಾ?" ಅಂದರು.

ಮೌಂಟ್ ಗೇ, ಫೋರ್‌ಸ್ಕ್ವೇರ್, ಸೇಂಟ್ ನಿಕೋಲಸ್ ಅಬ್ಬಿ ಅಂತ ಮೂರು ಹೆಸರು ಸಿಕ್ಕಿವೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಹಡಗಿನವರ ಟೂರ್ ತಗೊಳ್ಳಬೇಕಾ, ಟ್ಯಾಕ್ಸಿ ಸಾಕಾ? ಮಾಟುಂಗಾದಲ್ಲಿರುವ ಮೈದುನನಿಗೆ ಒಂದು ಬಾಟಲಿ ತರಬೇಕು ಅಂತಲೂ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ವಾಸ್ಕೋ ಹುಡುಗ:

ಅಕ್ಕಾ, ನಾನು ಹಡಗಿನ ಅಡುಗೆಮನೆಯಲ್ಲಿ 11 ವರ್ಷ ದುಡಿದು ಈಗ ಗೋವಾದಲ್ಲೇ ಇದ್ದೇನೆ. ಊರು ಗದಗ. ಕಾರ್ಖಾನೆಯ ಒಳಗಿನ ವಿಚಾರ ಬೇರೆಯವರು ಹೇಳಲಿ, ನಾನು ಹಡಗಿನದು ಹೇಳುತ್ತೇನೆ.

5ಕ್ಕೆ ಹೊರಡುತ್ತದೆ ಅಂದರೆ 5ಕ್ಕೆ ಹತ್ತುವುದಲ್ಲ. ಕಡಿಮೆ ಅಂದರೂ ಅರ್ಧ ಗಂಟೆ ಮೊದಲು ಎಲ್ಲರೂ ಹಡಗಿನಲ್ಲಿರಬೇಕು. ಇಳಿಯುವ ಬಾಗಿಲ ಹತ್ತಿರ ಸಮಯ ಬರೆದಿರುತ್ತಾರೆ, ಅದರ ಫೋಟೊ ತೆಗೆದುಕೊಳ್ಳಿ. ಹಡಗಿನವರ ಟೂರ್‌ನಲ್ಲಿ ಹೋದರೆ ಬಸ್ಸು ತಡವಾದರೂ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿಯಾದರೆ ಕಾಯುವುದಿಲ್ಲ. ಹಗ್ಗ ಬಿಚ್ಚಿದ ಮೇಲೆ ದಡದಲ್ಲಿ ಚೀಲ ಹಿಡಿದು ಓಡಿ ಬಂದ ಒಂದು ವಯಸ್ಸಾದ ಜೋಡಿಯನ್ನು ನಾನೇ ನೋಡಿದ್ದೇನೆ. ಆ ಅಜ್ಜಿ ದಡದಲ್ಲೇ ಕೂತು ಅತ್ತರು. ಇವತ್ತಿಗೂ ಮರೆತಿಲ್ಲ. ನೀವು 3ಕ್ಕೆ ಬಂದರಿಗೆ ವಾಪಸ್ ಬಂದುಬಿಡಿ.

ಗಡಿಯಾರದ ಗೊಂದಲ ನಿಮಗಿಲ್ಲ, ಸಾನ್ ಹುವಾನ್ ಮತ್ತು ಬಾರ್ಬಡೋಸ್ ಸಮಯ ಒಂದೇ. ಚಳಿಗಾಲದಲ್ಲಿ ಮಯಾಮಿಯಿಂದ ಬರುವವರಿಗೆ ಒಂದು ಗಂಟೆ ವ್ಯತ್ಯಾಸ ಬರುತ್ತದೆ.

ದಡದಲ್ಲಿ ಕೊಂಡ ಬಾಟಲಿಯನ್ನು ಹಡಗು ಹತ್ತುವಾಗ ತೆಗೆದಿಟ್ಟುಕೊಂಡು ಚೀಟಿ ಕೊಡುತ್ತಾರೆ. ಪ್ರವಾಸ ಮುಗಿಯುವಾಗ ವಾಪಸ್ ಸಿಗುತ್ತದೆ, ಚೀಟಿ ಜೋಪಾನ. ವಿಮಾನದಲ್ಲಿ ಅದು ಚೆಕ್-ಇನ್ ಬ್ಯಾಗಿನಲ್ಲೇ ಹೋಗಬೇಕು. ಮುಂಬೈಯಲ್ಲಿ ತಲಾ 2 ಲೀಟರ್‌ವರೆಗೆ ಸುಂಕವಿಲ್ಲ.

ಇನ್ನೊಂದು, ಮಗನಿಗೆ ಮಿಲಿಟರಿ ಬಣ್ಣದ ಚಡ್ಡಿ, ಟೋಪಿ ಹಾಕಬೇಡಿ. ಬಾರ್ಬಡೋಸ್‌ನಲ್ಲಿ ಆ ಡಿಸೈನ್ ಜನ ಹಾಕುವ ಹಾಗಿಲ್ಲ, ಕಾನೂನೇ ಇದೆ. ಮಕ್ಕಳಿಗೂ ಅನ್ವಯ.

ಮಾಂಜರಿ ರಸ್ತೆ, ಪುಣೆ:

ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿ ಆಲ್ಕೋಹಾಲ್ ತಂತ್ರಜ್ಞಾನ ಓದಿದವನು. ಅವರು ಗೇಟಿನಿಂದ ಕಳಿಸಿದ ಕಾಕಂಬಿಯನ್ನು ಈ ಕಡೆ ಇಳಿಸಿಕೊಳ್ಳುತ್ತಿದ್ದವರು ನಮ್ಮಂಥವರು. ಬಾರ್ಬಡೋಸ್‌ಗೆ ಒಮ್ಮೆ ನಿಮ್ಮ ಹಾಗೆಯೇ ಹಡಗಿನಲ್ಲಿ ಹೋಗಿದ್ದೆ.

ಮೂರೂ ಬೇಡ. ಫೋರ್‌ಸ್ಕ್ವೇರ್ ಒಂದಕ್ಕೇ ಹೋಗಿ.

ಮೌಂಟ್ ಗೇ ಹೆಸರು ದೊಡ್ಡದು, 1703ರ ದಾಖಲೆ ಇದೆ. ಆದರೆ ಬಂದರಿನ ಹತ್ತಿರ ಇರುವುದು ಅವರ ಸಂದರ್ಶಕರ ಕೇಂದ್ರ. ಅಲ್ಲಿ ಕಥೆ ಹೇಳಿ ರುಚಿ ತೋರಿಸುತ್ತಾರೆ. ಬಟ್ಟಿ ಇಳಿಸುವ ಜಾಗ ದ್ವೀಪದ ಉತ್ತರ ತುದಿಯಲ್ಲಿದೆ. ಕುಡಿಯದ ಮನುಷ್ಯನಿಗೆ ರುಚಿ ನೋಡುವ ಕೋಣೆಯಲ್ಲಿ ಏನು ಕೆಲಸ? ಅವರಿಗೆ ಬೇಕಾಗಿರುವುದು ಹಂಡೆ, ಕೊಳವೆ, ವಾಸನೆ.

ಫೋರ್‌ಸ್ಕ್ವೇರ್ ಆಗ್ನೇಯ ದಿಕ್ಕಿಗಿದೆ. ದ್ವೀಪ ಇರುವುದೇ 34 ಕಿ.ಮೀ. ಉದ್ದ, ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ ಹಿಡಿದುಕೊಳ್ಳಿ. ಅದು ಹಳೆಯ ಸಕ್ಕರೆ ಕಾರ್ಖಾನೆಯ ಜಾಗ. ಅಂಗಳದಲ್ಲಿ ಹಳೆಯ ಸಕ್ಕರೆ ಯಂತ್ರಗಳನ್ನು ಇಟ್ಟಿದ್ದಾರೆ. ನಿಮ್ಮ ತಂದೆ ಅಲ್ಲೇ ಅರ್ಧ ಗಂಟೆ ನಿಲ್ಲುತ್ತಾರೆ ನೋಡಿ. ನಾನು ಹೋದಾಗ ಟಿಕೆಟ್ ಇರಲಿಲ್ಲ, ಗೈಡ್ ಕೂಡ ಇರಲಿಲ್ಲ. ನಮ್ಮ ಪಾಡಿಗೆ ನಾವು ನಡೆದುಕೊಂಡು ನೋಡುವುದು. ಅಮ್ಮನವರು ಕೂತು ಕೂತು ನೋಡಬಹುದು, ಯಾರೂ ಅವಸರ ಮಾಡುವುದಿಲ್ಲ. ಶನಿವಾರ, ಭಾನುವಾರವಾದರೆ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಅವರಿಗೆ ಹೀಗೆ ವಿವರಿಸಿ. ಕಾಕಂಬಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಯೀಸ್ಟ್ ಹಾಕುತ್ತಾರೆ. ಅದು ಸಕ್ಕರೆ ತಿಂದು ಬುಸುಗುಡುತ್ತದೆ. ಆ ಕಡೆ ಗಾಳಿ ಬೀಸಿದರೆ ಹುಳಿ ಬಂದ ದೋಸೆ ಹಿಟ್ಟು, ಕಳಿತ ಬಾಳೆಹಣ್ಣು, ಹಳೆ ಬೆಲ್ಲ ಮೂರೂ ಸೇರಿದ ವಾಸನೆ. ನನ್ನ ಕೆಲಸದ ಮೊದಲ ದಿನ ಮೂಗು ಮುಚ್ಚಿಕೊಂಡಿದ್ದೆ, ಈಗ ಅದು ಬಂದರೆ ಮನೆಗೆ ಬಂದ ಹಾಗೆ ಅನಿಸುತ್ತದೆ. ಹುದುಗಿದ್ದನ್ನು ಎರಡು ರೀತಿ ಬಟ್ಟಿ ಇಳಿಸುತ್ತಾರೆ. ಒಂದು ತಾಮ್ರದ ಹಂಡೆ. ನಮ್ಮ ಬಚ್ಚಲುಮನೆ ಹಂಡೆಗೆ ಉದ್ದ ಕತ್ತು ಬಂದ ಹಾಗೆ. ಗಂಧಕದ ಕೆಟ್ಟ ವಾಸನೆಯನ್ನು ತಾಮ್ರ ಹಿಡಿದುಕೊಳ್ಳುತ್ತದೆ, ಅದಕ್ಕೇ ತಾಮ್ರ. ಇನ್ನೊಂದು ಎತ್ತರದ ಕಂಬ, ಅದರಲ್ಲಿ ನಿಲ್ಲದೆ ಇಳಿಯುತ್ತಿರುತ್ತದೆ. ಎರಡನ್ನೂ ಬೆರೆಸುವುದು ಬಾರ್ಬಡೋಸ್‌ನವರ ಪದ್ಧತಿ.

ಆಮೇಲೆ ಪೀಪಾಯಿ. ಹೆಚ್ಚಿನವು ಅಮೆರಿಕದ ಬೋರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಗಳು. ಬೋರ್ಬನ್‌ಗೆ ಪ್ರತಿ ಸಲ ಹೊಸ ಮರವೇ ಬೇಕು ಅಂತ ಅಲ್ಲಿ ಕಾನೂನು, ಹಾಗಾಗಿ ಹಳೆಯವು ಇಲ್ಲಿಗೆ ಬರುತ್ತವೆ. ಸೆಕೆಗೆ ಒಳಗಿರುವುದು ಬೇಗ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಹೋದರೆ ಇಲ್ಲಿ ಅದರ ಮೂರು ಪಟ್ಟು ಹೋಗುತ್ತದೆ.

ಸೇಂಟ್ ನಿಕೋಲಸ್ ಅಬ್ಬಿ ಚೆಂದ. 1658ರ ಮನೆ, ಉಗಿಯಿಂದ ತಿರುಗುವ 1890ರ ಗಾಣ. ಸುಗ್ಗಿಯಲ್ಲಿ ನಮ್ಮ ಆಲೆಮನೆಯೇ ನೆನಪಾಗುತ್ತದೆ. ಆದರೆ ಅವರು ತಮ್ಮದೇ ಗದ್ದೆಯ ಕಬ್ಬಿನ ಹಾಲನ್ನು ಕಾಯಿಸಿ ಪಾಕ ಮಾಡಿ ಅದರಿಂದ ರಮ್ ಮಾಡುತ್ತಾರೆ, ಕಾಕಂಬಿಯಿಂದಲ್ಲ. ನಿಮ್ಮ ತಂದೆಯವರ ಪ್ರಶ್ನೆ ಕಾಕಂಬಿಯದು ಅಲ್ವಾ?

ಒಂದು ಮಾತು ಮಗನಿಗೆ ಹೇಳಿ. ಆ ದ್ವೀಪದ ಕಬ್ಬು ಕಡಿದವರು, ಗಾಣಕ್ಕೆ ಕಬ್ಬು ಕೊಟ್ಟವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕೈ ಸಿಕ್ಕಿಕೊಂಡು ತೋಳು ಕಳೆದುಕೊಂಡವರಿದ್ದರು. ಕಾನೂನಿನ ಪ್ರಕಾರ 1834ರಲ್ಲಿ ಗುಲಾಮಗಿರಿ ಹೋಯಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅಲ್ಲಿ ನಿಂತಾಗ ನನಗೆ ಯಂತ್ರಕ್ಕಿಂತ ಜಾಸ್ತಿ ಕಾಡಿದ್ದು ಇದು.

ಡೊಂಬಿವಲಿಯ ಮಗಳು:

ಸರ್, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಬಾಳೆಹಣ್ಣಿನ ವಾಸನೆ ಅಂದಾಗ ಇನ್ನೊಂದು ಸಲ ಓದು ಅಂದರು. ಮಗನ ಮಿಲಿಟರಿ ಟೋಪಿ ಬ್ಯಾಗಿನಿಂದ ತೆಗೆದಾಯಿತು. ಬಂದರಿನಿಂದ 9ಕ್ಕೆ ಟ್ಯಾಕ್ಸಿ, ಫೋರ್‌ಸ್ಕ್ವೇರ್ ಒಂದೇ, 3ಕ್ಕೆ ವಾಪಸ್.

ಅಪ್ಪನದು ಒಂದು ಪ್ರಶ್ನೆ ಇದೆ. ಅಲ್ಲಿನ ಕಾಕಂಬಿ ಅದೇ ಊರಿನ ಕಾರ್ಖಾನೆಯದಾ? ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಸಕ್ಕರೆ ಮುಂತಾದವುಗಳ ಅಳತೆ, ಎಷ್ಟಿರುತ್ತದೆ?

ಮಾಂಜರಿ ರಸ್ತೆ, ಪುಣೆ:

ಅವರು ಇದನ್ನೇ ಕೇಳುತ್ತಾರೆ ಅಂದುಕೊಂಡಿದ್ದೆ! ಬಾರ್ಬಡೋಸ್‌ನಲ್ಲಿ ಈಗ ಉಳಿದಿರುವ ಸಕ್ಕರೆ ಕಾರ್ಖಾನೆ ಪೋರ್ಟ್‌ವೇಲ್ ಒಂದೇ. ಅದರ ಕಾಕಂಬಿ ಸಾಲದು, ಹೊರಗಿನಿಂದ ಹಡಗಿನಲ್ಲಿ ತರಿಸುತ್ತಾರೆ. ಬ್ರಿಕ್ಸ್ ನಮ್ಮದರ ಹಾಗೆಯೇ 80ರ ಮೇಲೆ. ಅಲ್ಲಿ ಕೆಲಸದವರು ಯಾರಾದರೂ ಸಿಕ್ಕರೆ ತಾವು ಪ್ಯಾನ್‌ಮನ್ ಆಗಿದ್ದೆ ಅಂತ ಹೇಳಲಿ. ನೀವು ಇಂಗ್ಲಿಷ್‌ನಲ್ಲಿ ಹೇಳಿ ಕೊಡಿ. ಒಂದು ಚಮಚ ಕಾಕಂಬಿ ಕೈಗೆ ಹಾಕಿಸಿಕೊಂಡು ನೋಡಲಿ, ಹದ ಅವರಿಗೇ ಗೊತ್ತಾಗುತ್ತದೆ. ಬಂದ ಮೇಲೆ ಅವರು ಏನಂದರು ಅಂತ ತಪ್ಪದೆ ಬರೆಯಿರಿ.